ಕ್ಲಿಕ್ಕಿನ ಹರಾಜು ಮತ್ತು ಜಾಲತಾಣದ ಯೋಗ್ಯತೆ

ಪ್ರಯೋಗಶಾಲೆಗೆ ಬೇಕಾದ ಗಾಜಿನ ಪ್ರಿಸಮೊಂದನ್ನು ಕೊಳ್ಳಬೇಕಾಗಿದೆಯೆಂದು ಭಾವಿಸೋಣ. ಇಂದಿನ ವಿದ್ಯಾರ್ಥಿ ಮೊದಲು ಮಾಡುವ ಕೆಲಸವೆಂದರೆ ಮೊಬೈಲನ್ನು ತೆಗೆದು ಗೂಗಲ್ ಮುಂತಾದ ಶೋಧಯಂತ್ರದಲ್ಲಿ ಆ ಹೆಸರನ್ನು ಬರೆಯುವುದು. ಉತ್ತರವಾಗಿ ಬರುವ ಪಟ್ಟಿಯಲ್ಲಿ ಕೆಲವಕ್ಕೆ ‘ಪ್ರಾಯೋಜಿತ’ವೆಂಬ ಗುರುತಿರುವುದನ್ನು ವಾಚಕರು ಗಮನಿಸಿರಬಹುದು. ಅವು ಜಾಹೀರಾತುಗಳು. ಗೋಡೆಯ ಮೇಲಿನ ಜಾಹೀರಾತಿಗಾಗಲಿ ಪತ್ರಿಕೆಯ ಜಾಹೀರಾತಿಗಾಗಲಿ ಇಲ್ಲದ ಒಂದು ವಿಶೇಷ ಇವಕ್ಕುಂಟು. ಸಾಮಾನ್ಯವಾಗಿ ಇವನ್ನು ತೋರಿಸಿದ್ದಕ್ಕೆ ವ್ಯಾಪಾರಿ ಹಣ ಕೊಡಬೇಕಾಗಿಲ್ಲ. ನೋಡಿದವನು ಅದರ ಮೇಲೆ ಬೆರಳೊತ್ತಿ ವ್ಯಾಪಾರಿಯ ಜಾಲತಾಣಕ್ಕೆ ಬಂದರೆ ಮಾತ್ರ ಕೊಡಬೇಕು. ಒಂದು ಕ್ಲಿಕ್ಕಿಗೆ ಇಷ್ಟು ಎಂಬ ಲೆಕ್ಕ.

ಹೆಚ್ಚು ಹಣ ಕೊಡುವವನ ಜಾಹೀರಾತೇ ಮೇಲೆ ನಿಲ್ಲುವುದೆಂದು ಅನೇಕರು ನಂಬಿರುವರು. ನಾವೂ ಹಾಗೆಯೇ ನಂಬಿದ್ದೆವು. ನಮ್ಮ ಕಾಲೇಜಿಗೆ ವರ್ನಿಯರ್, ಮಸೂರ, ಸ್ಪೆಕ್ಟ್ರೋಮೀಟರು ಮೊದಲಾದುವನ್ನು ಒದಗಿಸುವ ಒಂದು ಸಣ್ಣ ಅಂಗಡಿಯುಂಟು. ಅದರ ಜಾಲತಾಣವನ್ನು ಕಟ್ಟಿಕೊಟ್ಟವನು ನಮ್ಮ ಹಳೆಯ ವಿದ್ಯಾರ್ಥಿಯೇ. ಕಾಲೇಜುಗಳು ಸಾಮಾನು ತರಿಸುವ ಜೂನ್ ತಿಂಗಳಿನಲ್ಲಿ, ವರ್ಷದ ಅರ್ಧ ವ್ಯಾಪಾರ ನಡೆಯಬೇಕಾದ ಹೊತ್ತಿನಲ್ಲಿ, ಆ ಅಂಗಡಿಯ ಜಾಹೀರಾತುಗಳೆಲ್ಲ ಇದ್ದಕ್ಕಿದ್ದಂತೆ ನಿಂತುಹೋದುವು. ಖಾತೆಯಲ್ಲಿ ಹಣವಿತ್ತು, ತಾಣವೂ ತೆರೆಯುತ್ತಿತ್ತು. ಅಂಗಡಿಯ ಯಜಮಾನರು ನಮ್ಮಲ್ಲಿಗೆ ಬಂದು, “ಏನು ಮೇಷ್ಟ್ರೇ, ಕೊಟ್ಟ ದುಡ್ಡನ್ನು ಬೇಡವೆನ್ನುವವರನ್ನು ನಾನು ಇದುವರೆಗೆ ಕಂಡಿರಲಿಲ್ಲ” ಎಂದರು. ಜೊತೆಯಲ್ಲಿ ಬಂದಿದ್ದ ಹುಡುಗ ತಲೆ ತಗ್ಗಿಸಿ ನಿಂತಿದ್ದನು. ಕಾರಣವನ್ನು ಹುಡುಕಲು ನಮಗೆ ಮೂರು ಸಂಜೆ ಹಿಡಿಯಿತು. ಆ ಕಾರಣವನ್ನು ಮುಂದೆ ಹೇಳುವೆವು. ಅದನ್ನು ತಿಳಿಯಬೇಕಾದರೆ ಈ ಹರಾಜಿನ ಸ್ವರೂಪವನ್ನು ಮೊದಲು ಅರಿತಿರಬೇಕು.

ಕ್ಲಿಕ್ಕಿಗೆ ಬೆಲೆ ಕಟ್ಟಿ ಹರಾಜು ಹಾಕುವ ಪದ್ಧತಿಯನ್ನು ಬಳಕೆಗೆ ತಂದವರು ಅಮೆರಿಕದ ಬಿಲ್ ಗ್ರಾಸ್ ಎಂಬವರು. 1998ರಲ್ಲಿ ಅವರ ಗೋಟು ಎಂಬ ಶೋಧಯಂತ್ರ ಕ್ಯಾಲಿಫೋರ್ನಿಯದಲ್ಲಿ ಪ್ರಾರಂಭವಾಯಿತು. ಇದೇ ಮುಂದೆ ಓವರ್‌ಚೂರ್ ಎಂಬ ಹೆಸರನ್ನು ತಾಳಿ 2003ರಲ್ಲಿ ಯಾಹೂ ಸಂಸ್ಥೆಗೆ ಸೇರಿತು. ಅಲ್ಲಿಯ ನಿಯಮ ಬಲು ಸರಳ. ಯಾರ ಸವಾಲು ದೊಡ್ಡದೋ ಅವರು ಮೇಲೆ. ಕೂಗಿದಷ್ಟೇ ಹಣವನ್ನು ಪ್ರತಿ ಕ್ಲಿಕ್ಕಿಗೂ ಕೊಡಬೇಕು. ನಮ್ಮ ಸಂತೆಯ ಹರಾಜಿನಂತೆಯೇ ಇರುವ ಈ ನಿಯಮದಲ್ಲಿ ಒಂದು ದೋಷವಿತ್ತು. ಸಂತೆಯಲ್ಲಿ ಎತ್ತು ಒಮ್ಮೆ ಮಾರಿಹೋದರೆ ಹರಾಜು ಮುಗಿಯಿತು. ಇಲ್ಲಿ ಅದೇ ಪದಾರ್ಥ ಕ್ಷಣಕ್ಷಣಕ್ಕೂ ಮತ್ತೆ ಹರಾಜಿಗೆ ಬರುವುದು. ಆದುದರಿಂದ ಇಬ್ಬರು ಸ್ಪರ್ಧಿಗಳಲ್ಲಿ ಒಬ್ಬನು ಒಂದು ಕಾಸು ಏರಿಸುವನು. ಇನ್ನೊಬ್ಬನು ಅದಕ್ಕೆ ಇನ್ನೊಂದು ಕಾಸು ಸೇರಿಸುವನು. ಹೀಗೆ ಏರುತ್ತ ಏರುತ್ತ ಒಬ್ಬನಿಗೆ ‘ಇನ್ನು ಗಿಟ್ಟದು’ ಎಂದು ತೋರಿದಾಗ ಅವನು ತನ್ನ ಸವಾಲನ್ನು ಒಮ್ಮೆಗೇ ತಳಕ್ಕೆ ಇಳಿಸಿ ಕೆಳಗಿನ ಸ್ಥಾನಕ್ಕೆ ತೃಪ್ತನಾಗುವನು. ಆಗ ಮೇಲಿನವನು ಸುಮ್ಮನೆ ಹೆಚ್ಚು ಕೊಡುವುದೇಕೆ? ಅವನೂ ಇಳಿದು, ಕೆಳಗಿನವನಿಗಿಂತ ಒಂದೇ ಕಾಸು ಮೇಲೆ ನಿಲ್ಲುವನು. ಕೂಡಲೆ ಏರಿಕೆ ಮರಳಿ ಪ್ರಾರಂಭ.

ಕಾಲವನ್ನು ಅಡ್ಡಕ್ಕೂ ಸವಾಲನ್ನು ಉದ್ದಕ್ಕೂ ಇಟ್ಟು ಇದರ ನಕ್ಷೆ ಬರೆದರೆ ಗರಗಸದ ಹಲ್ಲುಗಳಂಥ ರೇಖೆ ಬರುವುದು. ಇದು ಬರಿಯ ಊಹೆಯಲ್ಲ. ಓವರ್‌ಚೂರಿನ ಹಳೆಯ ಲೆಕ್ಕಗಳನ್ನು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರಾದ ಎಡೆಲ್ಮನ್ ಮತ್ತು ಆಸ್ಟ್ರೋವ್ಸ್ಕಿಯವರು ಈ ಗರಗಸವನ್ನು ನಿಜವಾಗಿಯೇ ಕಂಡರು. ಭೌತಶಾಸ್ತ್ರದ ವಿದ್ಯಾರ್ಥಿಗೆ ಈ ಆಕೃತಿ ಹೊಸದಲ್ಲ. ರೋಧಕದ ಮೂಲಕ ನಿಧಾನವಾಗಿ ವಿದ್ಯುತ್ತು ತುಂಬುತ್ತಿರುವ ಕೆಪಾಸಿಟರಿಗೆ ಒಂದು ನಿಯಾನ್ ದೀಪವನ್ನು ಸಮಾಂತರವಾಗಿ ಜೋಡಿಸಿದರೆ ವೋಲ್ಟೇಜು ಮೆಲ್ಲನೆ ಏರಿ, ದೀಪ ಹೊತ್ತಿದೊಡನೆ ಥಟ್ಟನೆ ಇಳಿದು, ಮತ್ತೆ ಏರುವುದಷ್ಟೆ. ಆ ಎರಡು ಕಡೆಯೂ ಇರುವುದು ಒಂದೇ ಗುಣ: ನೆಮ್ಮದಿಯಾಗಿ ನಿಲ್ಲಬಹುದಾದ ಸ್ಥಿತಿಯೇ ಇಲ್ಲದಿರುವುದು.

ಈ ತೊಂದರೆಗೆ ಪರಿಹಾರದ ಬೀಜ ಬಹಳ ಹಿಂದೆಯೇ ಬಿದ್ದಿತ್ತು. ವಿಲಿಯಂ ವಿಕ್ರಿಯೆಂಬ ಅರ್ಥಶಾಸ್ತ್ರಜ್ಞರು 1961ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ಗೆದ್ದವನು ತಾನು ಕೂಗಿದ ಬೆಲೆಯನ್ನಲ್ಲದೆ ಎರಡನೆಯವನು ಕೂಗಿದ ಬೆಲೆಯನ್ನು ಕೊಡುವ ಹರಾಜನ್ನು ವಿಶ್ಲೇಷಿಸಿದ್ದರು. ಅವರಿಗೆ 1996ರಲ್ಲಿ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಘೋಷಣೆಯಾದ ಮೂರೇ ದಿನಗಳಲ್ಲಿ ಅವರು ತೀರಿಕೊಂಡರು. ಗೂಗಲ್ ಸಂಸ್ಥೆಯು 2000ದಲ್ಲಿ ತನ್ನ ಜಾಹೀರಾತು ವ್ಯವಸ್ಥೆಯನ್ನು ತೊಡಗಿದಾಗ ತೋರಿಕೆಗೆ ಇಷ್ಟು ಎಂದೇ ಹಣ ಪಡೆಯುತ್ತಿತ್ತು. 2002ರಲ್ಲಿ ಕ್ಲಿಕ್ಕಿನ ಹರಾಜಿಗೆ ತಿರುಗಿದಾಗ ಅದು ಎರಡು ಬದಲಾವಣೆಗಳನ್ನು ಮಾಡಿತು. ಒಂದು, ಮೇಲೆ ಹೇಳಿದ ಎರಡನೆಯ ಬೆಲೆಯ ತತ್ತ್ವ. ಇನ್ನೊಂದು, ಸವಾಲಿನ ಜೊತೆಗೆ ಜಾಹೀರಾತನ್ನು ಜನರು ಎಷ್ಟರ ಮಟ್ಟಿಗೆ ಒತ್ತುವರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು. ಯಾರೂ ಒತ್ತದ ಜಾಹೀರಾತಿಗೆ ನೂರು ರೂಪಾಯಿ ಕೂಗಿದರೂ ಗೂಗಲಿಗೆ ಬರುವುದು ಸೊನ್ನೆಯೇ ಅಲ್ಲವೆ? 2005ರಲ್ಲಿ ಇದೇ ವಿಚಾರ ಬೆಳೆದು ‘ಕ್ವಾಲಿಟಿ ಸ್ಕೋರ್’ ಆಯಿತು. ಇದನ್ನು ನಾವು ಯೋಗ್ಯತಾಂಕವೆಂದು ಕರೆಯೋಣ.

ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ. ಜಾಹೀರಾತಿನ ಸ್ಥಾನವನ್ನು ನಿರ್ಧರಿಸುವ ಅಂಕವು, ಸ್ಥೂಲವಾಗಿ ಹೇಳುವುದಾದರೆ, ಸವಾಲು ಮತ್ತು ಯೋಗ್ಯತೆಗಳ ಗುಣಲಬ್ಧ.

ಸ್ಥಾನಾಂಕ = ಸವಾಲು × ಯೋಗ್ಯತೆ

ಮೊದಲನೆಯ ವ್ಯಾಪಾರಿಯ ಸವಾಲು 20 ರೂಪಾಯಿ, ಯೋಗ್ಯತೆ 4. ಆದುದರಿಂದ ಸ್ಥಾನಾಂಕ 80. ಎರಡನೆಯವನ ಸವಾಲು 12 ರೂಪಾಯಿ, ಯೋಗ್ಯತೆ 9; ಸ್ಥಾನಾಂಕ 108. ಮೂರನೆಯವನ ಸವಾಲು 15 ರೂಪಾಯಿ, ಯೋಗ್ಯತೆ 4, ಸ್ಥಾನಾಂಕ 60. ಕಡಿಮೆ ಕೂಗಿದ ಎರಡನೆಯವನೇ ಎಲ್ಲರಿಗಿಂತ ಮೇಲೆ ನಿಂತನು! ಅವನು ಕೊಡಬೇಕಾದುದೆಷ್ಟು? ತನ್ನ ಕೆಳಗಿನವನ 80 ಅಂಕವನ್ನು ಮೀರಲು ಸಾಕಾಗುವಷ್ಟು; ಅಂದರೆ 80ನ್ನು 9ರಿಂದ ಭಾಗಿಸಿದರೆ ಬರುವ 8 ರೂಪಾಯಿ 89 ಪೈಸೆ ಮತ್ತು ಅದರ ಮೇಲೆ ಒಂದು ಚೂರು. ಅವನ ಕೆಳಗೆ ನಿಂತ 20 ರೂಪಾಯಿಯ ವ್ಯಾಪಾರಿ ಕೊಡುವುದು 60ನ್ನು 4ರಿಂದ ಭಾಗಿಸಿದ 15 ರೂಪಾಯಿ. ಕೆಳಗೆ ಕುಳಿತವನು ಮೇಲಿನವನಿಗಿಂತ ಹೆಚ್ಚು ತೆರುತ್ತಿರುವನೆಂಬ ಸಂಗತಿಯನ್ನು ವಿದ್ಯಾರ್ಥಿಗಳು ಎರಡು ಸಲ ಓದಬೇಕು.

ಈಗ ಎರಡನೆಯವನ ತಾಣ ಕೆಟ್ಟು, ಯೋಗ್ಯತೆ 9ರಿಂದ 3ಕ್ಕೆ ಬಿದ್ದಿತೆನ್ನೋಣ. ಅವನ 12 ರೂಪಾಯಿಯ ಸ್ಥಾನಾಂಕ 36 ಆಗಿ ಅವನು ತಳಕ್ಕೆ ಹೋದನು. ಕಳೆದುಕೊಂಡ ಸ್ಥಾನ ಮತ್ತೆ ಬೇಕಾದರೆ 80ನ್ನು 3ರಿಂದ ಭಾಗಿಸಿದ 26 ರೂಪಾಯಿ 67 ಪೈಸೆಗಿಂತಲೂ ಹೆಚ್ಚು ಕೂಗಬೇಕು. ಹಿಂದೆ 9 ರೂಪಾಯಿಯೊಳಗೆ ಸಿಗುತ್ತಿದ್ದ ಕ್ಲಿಕ್ಕು ಈಗ ಮೂರು ಪಾಲು ತುಟ್ಟಿ. ಸಣ್ಣ ಅಂಗಡಿಯವನಿಗೆ ಇದು ಲಾಭ ನಷ್ಟಗಳ ನಡುವಿನ ಅಂತರವೇ ಸರಿ.

ನಿಜವಾದ ಲೆಕ್ಕ ಇಷ್ಟು ಸರಳವಲ್ಲವೆಂಬ ಎಚ್ಚರಿಕೆ ಇಲ್ಲಿ ಅವಶ್ಯ. ಹುಡುಕುವವನು ಇರುವ ಊರು, ಹೊತ್ತು, ಅವನ ಕೈಯಲ್ಲಿರುವ ಉಪಕರಣ ಇವೆಲ್ಲವೂ ಪ್ರತಿ ಹರಾಜಿನಲ್ಲಿಯೂ ಸೇರುವುವು. ಕನಿಷ್ಠ ಅರ್ಹತೆಯ ಮಿತಿಗಳೂ ಉಂಟು. ಮೇಲಾಗಿ, ಜಾಹೀರಾತುದಾರನ ಖಾತೆಯಲ್ಲಿ 1ರಿಂದ 10ರ ವರೆಗೆ ಕಾಣುವ ಯೋಗ್ಯತಾಂಕವು ಹರಾಜಿನೊಳಕ್ಕೆ ನೇರವಾಗಿ ಹೋಗುವ ಸಂಖ್ಯೆಯಲ್ಲ. ಅದು ರೋಗಪರೀಕ್ಷೆಗೆಂದು ಕೊಟ್ಟಿರುವ ಸೂಚಕ ಮಾತ್ರ. ಉಷ್ಣಮಾಪಕದ ಪಾದರಸವನ್ನು ಬೆರಳಿನಿಂದ ಬಿಸಿಮಾಡಿದರೆ ರೋಗಿಯ ಜ್ವರ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಆ ಸೂಚಕದಲ್ಲಿ ಮೂರು ಅಂಶಗಳಿವೆ. ಜಾಹೀರಾತನ್ನು ಒತ್ತುವರೆಂಬ ನಿರೀಕ್ಷೆ ಎಷ್ಟು. ಹುಡುಕಿದ ಮಾತಿಗೂ ಜಾಹೀರಾತಿಗೂ ಹೊಂದಿಕೆಯುಂಟೇ. ಒತ್ತಿದವನು ಬಂದಿಳಿಯುವ ಪುಟ ಹೇಗಿದೆ. ಪ್ರತಿಯೊಂದಕ್ಕೂ ಸರಾಸರಿಗಿಂತ ಮೇಲು, ಸರಾಸರಿ, ಸರಾಸರಿಗಿಂತ ಕೆಳಗೆ ಎಂಬ ಮೂರೇ ದರ್ಜೆ.

ಮೊದಲನೆಯ ಅಂಶದ ವಿಷಯದಲ್ಲಿ ಆತುರಗಾರರಿಗೆ ಒಂದು ಮಾತನ್ನು ಹೇಳಬೇಕು. ಜಾಹೀರಾತು 100 ಬಾರಿ ತೋರಿ 10 ಕ್ಲಿಕ್ಕು ಬಂದರೆ ದರ ಶೇಕಡ 10 ಎಂದು ಬರೆದಿಡುವರು. ಆದರೆ ಇಂಥ ಎಣಿಕೆಯಲ್ಲಿ ಸಹಜವಾದ ಏರುಪೇರು ಎಣಿಕೆಯ ವರ್ಗಮೂಲದಷ್ಟಿರುವುದೆಂಬುದನ್ನು ಗೈಗರ್ ಎಣಿಕೆಯಂತ್ರದ ಪ್ರಯೋಗದಲ್ಲಿ ಓದಿರುವೆವು. 10ರ ವರ್ಗಮೂಲ ಸುಮಾರು 3. ಆದುದರಿಂದ ಮುಂದಿನ 100 ತೋರಿಕೆಗಳಲ್ಲಿ 7 ಬಂದರೂ 13 ಬಂದರೂ ಬೆರಗಾಗಬೇಕಾಗಿಲ್ಲ. ಎರಡು ದಿನಕ್ಕೊಮ್ಮೆ ಜಾಹೀರಾತಿನ ಒಕ್ಕಣೆಯನ್ನು ಬದಲಾಯಿಸಿ ‘ಇದು ಮೇಲು, ಅದು ಕೀಳು’ ಎಂದು ತೀರ್ಮಾನಿಸುವವರು ಅಳೆಯುತ್ತಿರುವುದು ಬಹುಮಟ್ಟಿಗೆ ಯಾದೃಚ್ಛಿಕತೆಯನ್ನೇ. ನಮ್ಮ ಯಜಮಾನರು ಇನ್ನೊಂದು ತಪ್ಪನ್ನೂ ಮಾಡುತ್ತಿದ್ದರು. ‘ನಮ್ಮ ಜಾಹೀರಾತು ಬರುತ್ತಿದೆಯೇ’ ಎಂದು ದಿನಕ್ಕೆ ಇಪ್ಪತ್ತು ಸಲ ತಾವೇ ಹುಡುಕಿ ನೋಡಿ, ಹಣ ಖರ್ಚಾದೀತೆಂದು ಒತ್ತದೆ ಸುಮ್ಮನಾಗುತ್ತಿದ್ದರು. ಹೀಗೆ ತೋರಿಕೆಗಳು ಹೆಚ್ಚಿ ಕ್ಲಿಕ್ಕುಗಳ ದರ ಇಳಿಯುವುದೆಂಬುದು ಅವರಿಗೆ ಹೊಳೆದಿರಲಿಲ್ಲ. ನೋಡಬೇಕೆನಿಸಿದರೆ ಅದಕ್ಕೆಂದೇ ಖಾತೆಯೊಳಗೆ ಬೇರೊಂದು ಸಾಧನವಿದೆ.

ಬಂದಿಳಿಯುವ ಪುಟವನ್ನು, ಎಂದರೆ ಲ್ಯಾಂಡಿಂಗ್ ಪೇಜನ್ನು, ಇಳಿಪುಟವೆನ್ನೋಣ. ನಮ್ಮ ವಿಷಯದ ತಿರುಳು ಇಲ್ಲಿಯೇ ಇದೆ. ಪ್ರಿಸಮ್ ಹುಡುಕಿದವನನ್ನು ಪ್ರಿಸಮಿನ ಪುಟಕ್ಕೆ ಕರೆದೊಯ್ಯಬೇಕೇ ಹೊರತು ಅಂಗಡಿಯ ಹೆಬ್ಬಾಗಿಲಿನಲ್ಲಿ ನಿಲ್ಲಿಸಿ ‘ಒಳಗೆ ಎಲ್ಲೋ ಇದೆ, ಹುಡುಕಿಕೋ’ ಎನ್ನಬಾರದು. ಬೆಲೆ, ವಿಳಾಸ, ಹಿಂದಿರುಗಿಸುವ ನಿಯಮ ಇವು ಮುಚ್ಚುಮರೆಯಿಲ್ಲದೆ ಇರಬೇಕು. ಇವೆಲ್ಲ ವ್ಯಾಪಾರದ ಸಾಮಾನ್ಯ ವಿವೇಕ, ಹೆಚ್ಚು ಬೆಳೆಸಬೇಕಾಗಿಲ್ಲ. ಭೌತಶಾಸ್ತ್ರದ ದೃಷ್ಟಿಯಿಂದ ಸ್ವಾರಸ್ಯವಾದುದು ವೇಗದ ಪ್ರಶ್ನೆ.

ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುವುದು. ಶೂನ್ಯದಲ್ಲಿನ ವೇಗದ ಮೂರನೆಯ ಎರಡು ಪಾಲು. ಅಂಗಡಿಯ ತಾಣವಿರುವ ಸರ್ವರ್ ಅಮೆರಿಕದ ಪೂರ್ವತೀರದಲ್ಲಿದೆಯೆನ್ನೋಣ. ಬೆಂಗಳೂರಿನಿಂದ ಅಲ್ಲಿಗೆ 14,000 ಕಿಲೋಮೀಟರೆಂದು ಇಟ್ಟುಕೊಂಡರೆ (ಸಮುದ್ರದಡಿಯ ಕೇಬಲು ಇದಕ್ಕಿಂತ ಸುತ್ತುಬಳಸಿಯೇ ಹೋಗುವುದು), ಹೋಗಿ ಬರಲು 28,000 ಕಿಲೋಮೀಟರು, ಅಂದರೆ 0.14 ಸೆಕೆಂಡು. ಪುಟದ ಮೊದಲ ಅಕ್ಷರ ಬರುವ ಮೊದಲು ಇಂಥ ಸುತ್ತು ಒಂದಲ್ಲ, ಕನಿಷ್ಠಪಕ್ಷ ಮೂರು ಆಗಬೇಕಾಗುವುದು ಸಾಮಾನ್ಯ. ಸಂಪರ್ಕ ಬೆಳೆಸಲು ಒಂದು, ರಹಸ್ಯಲಿಪಿಯ ಒಪ್ಪಂದಕ್ಕೆ ಒಂದು, ಪುಟವನ್ನು ಕೇಳಿ ಪಡೆಯಲು ಒಂದು. ಒಟ್ಟು 0.42 ಸೆಕೆಂಡು ಬರಿಯ ದಾರಿಯಲ್ಲಿಯೇ ಕಳೆಯಿತು. ಎಷ್ಟು ಹಣ ಸುರಿದರೂ ಇದನ್ನು ಕಡಿಮೆ ಮಾಡಲಾಗದು. ಬೆಳಕು ಲಂಚ ತೆಗೆದುಕೊಳ್ಳುವುದಿಲ್ಲ. ಆದರೆ ಸರ್ವರನ್ನೇ ಹತ್ತಿರಕ್ಕೆ ತರಬಹುದು. ಮುಂಬಯಿಯಲ್ಲಿದ್ದು ಕೇಬಲಿನ ದಾರಿ 1,000 ಕಿಲೋಮೀಟರಾದರೆ ಮೂರು ಸುತ್ತಿಗೂ ಸೇರಿ ಹಿಡಿಯುವುದು 0.03 ಸೆಕೆಂಡು ಮಾತ್ರ.

ದಾರಿಗಿಂತಲೂ ಹೊರೆ ದೊಡ್ಡ ಶತ್ರು. ನಮ್ಮ ಅಂಗಡಿಯ ಪುಟದಲ್ಲಿ ಸ್ಪೆಕ್ಟ್ರೋಮೀಟರಿನ ಛಾಯಾಚಿತ್ರವೊಂದಿತ್ತು. ಕ್ಯಾಮೆರಾದಿಂದ ತೆಗೆದುದನ್ನು ಹಾಗೆಯೇ ಏರಿಸಿದ್ದರು. ಗಾತ್ರ 4 ಮೆಗಾಬೈಟು. ಬೈಟಿಗೆ 8 ಬಿಟ್ಟಿನಂತೆ ಇದು 32 ಮೆಗಾಬಿಟ್ಟು. ಹಳ್ಳಿಯ ಕಡೆ ಸೆಕೆಂಡಿಗೆ 4 ಮೆಗಾಬಿಟ್ಟು ಹರಿಯುವ ಸಂಪರ್ಕದಲ್ಲಿ ಈ ಒಂದು ಚಿತ್ರಕ್ಕೇ 8 ಸೆಕೆಂಡು ಬೇಕು. ಅಷ್ಟರಲ್ಲಿ ಗಿರಾಕಿ ಹಿಂದಿರುಗಿರುವನು. ಅವನ ಕ್ಲಿಕ್ಕಿನ ಹಣ ಮಾತ್ರ ಖರ್ಚಾಗಿರುವುದು. ಅದೇ ಚಿತ್ರವನ್ನು ಮೊಬೈಲಿನ ಪರದೆಗೆ ತಕ್ಕಂತೆ 200 ಕಿಲೋಬೈಟಿಗೆ ಇಳಿಸಿದಾಗ ಕಾಲ 0.4 ಸೆಕೆಂಡಾಯಿತು. ಕಣ್ಣಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಒಳ್ಳೆಯ ಪುಟದ ಲಕ್ಷಣಗಳಿಗೆ ಗೂಗಲ್ ಮೂರು ಅಳತೆಗಳನ್ನು ಪ್ರಕಟಿಸಿದೆ. ಪುಟದ ಮುಖ್ಯವಾದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ ಗುಂಡಿಗೆ ಪುಟವು 200 ಮಿಲಿಸೆಕೆಂಡಿನೊಳಗೆ ಓಗೊಡಬೇಕು. ಈ ಅಳತೆ 2024ರ ಮಾರ್ಚಿನಲ್ಲಿ ಹಳೆಯದೊಂದರ ಬದಲಿಗೆ ಬಂದಿತು. ಪುಟವು ತೆರೆಯುತ್ತಿರುವಾಗ ಆಗುವ ಅಲುಗಾಟ 0.1ನ್ನು ಮೀರಬಾರದು. ಬರುವವರಲ್ಲಿ ನಾಲ್ಕನೆಯ ಮೂರು ಪಾಲು ಜನರಿಗಾದರೂ ಈ ಮಿತಿಗಳು ಸಲ್ಲಬೇಕು. ಅಲುಗಾಟವೆಂಬುದನ್ನು ವಿದ್ಯಾರ್ಥಿಗಳು ಅನುಭವಿಸಿಯೇ ಇರುವರು: ಒಂದು ಗುಂಡಿಯನ್ನು ಒತ್ತಹೊರಟಾಗ ಮೇಲೆ ತಡವಾಗಿ ಬಂದ ಚಿತ್ರವೊಂದು ಎಲ್ಲವನ್ನೂ ಕೆಳಕ್ಕೆ ತಳ್ಳಿ, ಬೆರಳು ಬೇರೊಂದರ ಮೇಲೆ ಬೀಳುವುದು. ಪರದೆಯ ಕಾಲುಭಾಗವನ್ನು ಆಕ್ರಮಿಸಿದ ವಸ್ತು ಕಾಲು ಪರದೆಯಷ್ಟು ಕೆಳಗೆ ಸರಿದರೆ ಹಿಂದಿನ ಜಾಗ, ಮುಂದಿನ ಜಾಗ ಎರಡೂ ಸೇರಿ ಅರ್ಧಪರದೆ ಬಾಧಿತವಾಯಿತು. ಅರ್ಧವನ್ನು ಕಾಲಿನಿಂದ ಗುಣಿಸಿದರೆ 0.125; ಮಿತಿ ದಾಟಿತು. ಚಿತ್ರದ ಉದ್ದಗಲಗಳನ್ನು ಮೊದಲೇ ಬರೆದು ಜಾಗ ಕಾದಿರಿಸಿದರೆ ಈ ದೋಷ ತೊಲಗುವುದು. ಈ ಮೂರೂ ಜಾಹೀರಾತಿಗೆಂದೇ ಮಾಡಿದ ನಿಯಮಗಳಲ್ಲ. ಆದರೆ ಹಣ ಕೊಟ್ಟು ಗಿರಾಕಿಯನ್ನು ಕರೆಯುವವನಿಗೆ ಇವಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ತಿಳಿದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ತಾಣ ಅನರ್ಹವಾಗಬಹುದು. ಯೋಗ್ಯತೆ ಕಡಿಮೆಯಾದರೆ ಬೆಲೆ ಏರುವುದು. ನಿಯಮ ಮುರಿದರೆ ಹರಾಜಿನ ಮನೆಯೊಳಕ್ಕೇ ಬಿಡುವುದಿಲ್ಲ. ತಾಣ ತೆರೆಯದಿರುವುದು, ಜಾಹೀರಾತಿನಲ್ಲಿ ತೋರಿಸಿದ ವಿಳಾಸ ಒಂದಾಗಿ ಹೋಗಿ ಸೇರುವ ತಾಣ ಇನ್ನೊಂದಾಗಿರುವುದು, ‘ಶೀಘ್ರದಲ್ಲಿ ಪ್ರಾರಂಭ’ ಎಂಬ ಬರಿಯ ಪುಟವಿರುವುದು, ಹಿಂದಿರುಗುವ ಗುಂಡಿಯನ್ನು ಕಟ್ಟಿಹಾಕಿರುವುದು ಇವೆಲ್ಲ ಜಾಹೀರಾತನ್ನು ತಿರಸ್ಕರಿಸಲು ಸಾಕಾದ ಕಾರಣಗಳು. ಕೆಲವು ನಿಯಮಗಳ ಭಂಗಕ್ಕೆ 2021ರಲ್ಲಿ ಮೆಟ್ಟಿಲುಮೆಟ್ಟಿಲಾದ ದಂಡನೆ ಬಂದಿತು: ಮೊದಲು ಎಚ್ಚರಿಕೆ, ಆಮೇಲೆ 3 ದಿನ ತಡೆ, ಮತ್ತೆ ತಪ್ಪಿದರೆ 7 ದಿನ, ಮೂರನೆಯ ಬಾರಿ ಖಾತೆಯ ಅಮಾನತು. ಪರೀಕ್ಷಕನಿಗೆ ಒಂದು ಪುಟವನ್ನೂ ಗಿರಾಕಿಗೆ ಇನ್ನೊಂದು ಪುಟವನ್ನೂ ತೋರಿಸುವ ಮೋಸಕ್ಕಂತೂ ಎಚ್ಚರಿಕೆಯ ಮೆಟ್ಟಿಲೂ ಇಲ್ಲ.

ಪರೀಕ್ಷಕನೆಂದರೆ ಮುಖ್ಯವಾಗಿ ಮನುಷ್ಯನಲ್ಲ. ಗೂಗಲಿನ ಆಡ್ಸ್‌ಬಾಟ್ ಎಂಬ ತಂತ್ರಾಂಶ ಇಳಿಪುಟಗಳಿಗೆ ತಾನಾಗಿ ಭೇಟಿಕೊಟ್ಟು ನೋಡುವುದು. ಕೆಲವರು ತಾಣದ ಭಾರ ಇಳಿಸಲೆಂದೋ ಕಳ್ಳರ ಭಯದಿಂದಲೋ ಯಂತ್ರಗಳನ್ನೆಲ್ಲ ಹೊರಗಿಡುವ ಕಟ್ಟುಪಾಡು ಮಾಡಿ, ಈ ಪರೀಕ್ಷಕನಿಗೂ ಬಾಗಿಲು ಹಾಕಿಬಿಡುವರು. ಆಗ ಪುಟ ಎಷ್ಟೇ ಚೆನ್ನಾಗಿರಲಿ, ನೋಡದ ಉತ್ತರಪತ್ರಿಕೆಗೆ ಅಂಕ ಸಿಗುವುದೆಲ್ಲಿ?

ನಮ್ಮ ಅಂಗಡಿಯ ಕಥೆಗೆ ಬರೋಣ. ಖಾತೆಯಲ್ಲಿ ಬಂದಿದ್ದ ಸೂಚನೆ ‘ತಾಣವು ಪರರ ವಶವಾಗಿದೆ’ ಎಂಬ ಅರ್ಥದ್ದು. ಯಜಮಾನರು ತಮ್ಮ ಕಂಪ್ಯೂಟರಿನಲ್ಲಿ ವಿಳಾಸ ಬರೆದು ತೆರೆದರೆ ಎಲ್ಲವೂ ಸರಿಯಾಗಿತ್ತು. ಹುಡುಗನೂ ಹಾಗೆಯೇ ನೋಡಿ, ಇದು ಗೂಗಲಿನ ತಪ್ಪೆಂದು ಎರಡು ಸಲ ಮನವಿ ಬರೆದಿದ್ದನು, ಎರಡೂ ತಿರಸ್ಕೃತವಾಗಿದ್ದುವು. ಮೂರನೆಯ ಸಂಜೆ ನಾವು ಮೂವರೂ ಕುಳಿತಿದ್ದಾಗ, ನಮ್ಮ ಮೊಬೈಲಿನಲ್ಲಿ ಅಂಗಡಿಯ ಹೆಸರನ್ನು ಹುಡುಕಿ, ಬಂದ ಫಲಿತಾಂಶವನ್ನು ಒತ್ತಿದೆವು. ತೆರೆದುಕೊಂಡುದು ಒಂದು ಜೂಜಿನ ತಾಣ!

ಇದು ಸಾಧ್ಯವಾದುದು ಹೀಗೆ. ಬ್ರೌಸರು ಪುಟವನ್ನು ಕೇಳುವಾಗ ತಾನು ಯಾವ ಬಗೆಯ ಉಪಕರಣವೆಂಬುದನ್ನೂ, ಸಾಮಾನ್ಯವಾಗಿ ಯಾವ ತಾಣದಿಂದ ಬಂದೆನೆಂಬುದನ್ನೂ ತಿಳಿಸುವುದು. ಕಳ್ಳನು ಸೇರಿಸಿದ್ದ ಕೆಲವು ಸಾಲುಗಳು ಈ ಎರಡನ್ನೂ ಓದಿ, ಮೊಬೈಲಿನಲ್ಲಿ ಶೋಧಯಂತ್ರದ ಮೂಲಕ ಬಂದವರನ್ನು ಮಾತ್ರ ಜೂಜಿನ ಕಡೆಗೆ ಅಟ್ಟುತ್ತಿದ್ದುವು. ನೇರವಾಗಿ ವಿಳಾಸ ಬರೆದು ಬರುವವರು ಬಹುಶಃ ಯಜಮಾನರೇ ಎಂದು ಕಳ್ಳನಿಗೆ ಗೊತ್ತು; ಅವರಿಗೆ ಎಲ್ಲವೂ ಸರಿಯಾಗಿಯೇ ಕಾಣಬೇಕು. ನೋಡುವವನು ಯಾರು, ಎಲ್ಲಿಂದ ನೋಡುತ್ತಾನೆ ಎಂಬುದರ ಮೇಲೆ ಕಾಣುವುದು ಬದಲಾಗುವುದಾದರೆ, ಒಂದೇ ಜಾಗದಿಂದ ನೂರು ಸಲ ನೋಡಿದರೂ ಪ್ರಯೋಜನವಿಲ್ಲ. ತೂರಿಕೊಂಡ ದಾರಿಯನ್ನು ಹುಡುಕಿದಾಗ, ತಾಣಕ್ಕೆ ಚಿತ್ರಪಟ್ಟಿಕೆ ತೋರಿಸಲು ಜೋಡಿಸಿದ್ದ ಒಂದು ಪ್ಲಗಿನ್ ಒಂದು ವರ್ಷಕ್ಕೂ ಮೇಲ್ಪಟ್ಟು ಹೊಸದಾಗಿಸದೆ ಉಳಿದಿದ್ದುದು ಕಂಡಿತು. ಅದರ ಬಿರುಕನ್ನು ಮುಚ್ಚುವ ಆವೃತ್ತಿ ಎಂದೋ ಬಂದಿತ್ತು.

ಹುಡುಗ ಆ ರಾತ್ರಿಯೆಲ್ಲ ಕುಳಿತು ಕೆಲಸಮಾಡಿದನು. ಬರಿಯ ಆ ಸಾಲುಗಳನ್ನು ಅಳಿಸಿದರೆ ಸಾಲದು. ಕಳ್ಳನು ಹಿತ್ತಲ ಬಾಗಿಲನ್ನು ತೆರೆದಿಟ್ಟಿರುವನು. ಆದುದರಿಂದ ಕೆಡುವುದಕ್ಕೆ ಮುಂಚಿನ ಪ್ರತಿಯಿಂದ ತಾಣವನ್ನು ಮತ್ತೆ ಕಟ್ಟಿ, ತಂತ್ರಾಂಶವನ್ನೆಲ್ಲ ಹೊಸದಾಗಿಸಿ, ಗುಪ್ತಪದಗಳನ್ನು ಬದಲಾಯಿಸಿ, ಪರಿಚಯವಿಲ್ಲದ ಎರಡು ಬಳಕೆದಾರರ ಹೆಸರುಗಳನ್ನು ಕಿತ್ತುಹಾಕಿದನು. ಹಳೆಯ ಪ್ರತಿಯನ್ನು ಅವನು ಉಳಿಸಿಕೊಂಡಿದ್ದುದು ಪುಣ್ಯ. ಬೇರೆ ಬೇರೆ ಮೊಬೈಲುಗಳಿಂದ ಪರೀಕ್ಷಿಸಿ, ಏನು ನಡೆದಿತ್ತು, ಏನನ್ನು ಸರಿಪಡಿಸಿದೆವು ಎಂಬುದನ್ನು ಇದ್ದುದಿದ್ದಂತೆ ಬರೆದು ಮೂರನೆಯ ಮನವಿ ಕಳುಹಿಸಿದನು. ಕೆಲವು ದಿನಗಳಲ್ಲಿ ಜಾಹೀರಾತು ಮರಳಿ ಬಂದಿತು. ಜೂನ್ ತಿಂಗಳು ಆ ವೇಳೆಗೆ ಕಳೆದಿತ್ತು. ಎರಡು ಕಾಲೇಜುಗಳ ದೊಡ್ಡ ಬೇಡಿಕೆ ಬೇರೆಯವರ ಪಾಲಾಗಿತ್ತು, ಅದು ಹಿಂದಿರುಗಲಿಲ್ಲ.

ಯಜಮಾನರು ಹುಡುಗನನ್ನು ಬಿಡಿಸಲಿಲ್ಲ. ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಏಕಾದಶಿ, ಅಮಾವಾಸ್ಯೆಗಳ ಪಕ್ಕದಲ್ಲಿ ಕೆಂಪು ಶಾಯಿಯ ಗುರುತುಗಳಿವೆ: ತಾಣದ ಹೆಸರಿನ ನೋಂದಣಿ ಮುಗಿಯುವ ದಿನ, ಸುರಕ್ಷತೆಯ ಪ್ರಮಾಣಪತ್ರದ ಅವಧಿ ತೀರುವ ದಿನ, ಪ್ರತಿ ಸೋಮವಾರ ತಂತ್ರಾಂಶವನ್ನು ನೋಡುವ ದಿನ. ಸೋಮವಾರ ಬೆಳಿಗ್ಗೆ ಅಂಗಡಿಗೆ ಬರುವ ಮೊದಲ ಗಿರಾಕಿಯನ್ನು ಅವರು, “ಸ್ವಲ್ಪ ನಿಮ್ಮ ಫೋನಿನಲ್ಲಿ ನಮ್ಮ ಅಂಗಡಿ ಹುಡುಕಿ ನೋಡ್ತೀರಾ?” ಎಂದು ಕೇಳುವರು.